ಐದನೆಯ ವಿಷಯ

ಆ ವರ್ಷ ಆಗಸ್ಟ್ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ನೇರಳೆ ಬಣ್ಣಕ್ಕೆ ತಿರುಗಿದ್ದವು. ಕಾಡಿನಲ್ಲಿ ಬ್ಲೂಬೆರಿ ಅಷ್ಟೊಂದು ಬಿಟ್ಟಿತ್ತು. ಅಡುಗೆಮನೆಯ ಮೇಜಿನ ತುಂಬ ಹಣ್ಣು ಹರಡಿಕೊಂಡು ನಾವು ಹೆಂಗಸರು ಎಲೆ, ಕಡ್ಡಿ ಆರಿಸುತ್ತ ಕೂತಿದ್ದರೆ, ನನ್ನ ತಮ್ಮ ರೈಮೊ ಕಾಗದದ ಗಿರಣಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಡಾಕ್ಟ್ರೇ, ನನ್ನ ಮೊಣಕಾಲು ಯಾವಾಗ ನೋಡ್ತೀರಿ?"

"ಇನ್ನೂ ಐದು ವರ್ಷ ತಡ್ಕೋ ಅಪ್ಪ," ಅನ್ನುತ್ತಿದ್ದಳು ಅವನ ಮಗಳು ಕೈಸಾ.

"ಅಷ್ಟರಲ್ಲಿ ಇನ್ನೊಂದೂ ಹೋಗಿರತ್ತೆ."

"ಎರಡೂ ಒಟ್ಟಿಗೆ ನೋಡ್ತೀನಿ. ಎಲ್ಲರ ಹಾಗೆ ಸರದೀಲಿ ನಿಂತ್ಕೋಬೇಕು, ಅಷ್ಟೆ."

ದಿನಾ ಇದೇ ಮಾತು, ದಿನಾ ಇದೇ ನಗು. ಗಿರಣಿಯಲ್ಲಂತೂ ರೈಮೊ ಮಗಳು ಡಾಕ್ಟರಾಗಿಯೇಬಿಟ್ಟಳು ಅನ್ನುವ ಹಾಗೆ ಸಾರಿದ್ದ. ಅವಳು ಇನ್ನೂ ಅರ್ಜಿಯೇ ಹಾಕಿರಲಿಲ್ಲ.

ನಮ್ಮಲ್ಲಿ ಶಾಲೆ ಮುಗಿಸಿದ ಮಕ್ಕಳು ನೇರ ವೈದ್ಯಕೀಯ ಕಾಲೇಜಿಗೆ ಹೋಗುವ ಹಾಗಿಲ್ಲ. ಮೊದಲು ನಾಲ್ಕು ವರ್ಷ ಬೇರೇನಾದರೂ ಓದಿ ಒಂದು ಪದವಿ ಸಂಪಾದಿಸಬೇಕು, ಆಮೇಲೆ ಅವರ ಬಾಗಿಲು ತಟ್ಟಬೇಕು. ವಕೀಲರಾಗುವವರ ಪಾಡೂ ಇದೇ. ಬಸ್ಸು ಕಲಿಯುವ ಮೊದಲು ನಾಲ್ಕು ವರ್ಷ ಸೈಕಲ್ ತುಳಿದು ತೋರಿಸು ಅಂದ ಹಾಗೆ ಅಂತ ನಾನು ಗೊಣಗುತ್ತಿದ್ದೆ. ಕೈಸಾ ಮಾತ್ರ ಗೊಣಗದೆ ನಾಲ್ಕು ವರ್ಷ ಜೀವಶಾಸ್ತ್ರ ಓದಿದಳು. ಏಪ್ರಿಲ್‌ನಲ್ಲಿ ಪದವಿ ಬಂತು, ಬೇಸಿಗೆಯಲ್ಲಿ ಪ್ರವೇಶ ಪರೀಕ್ಷೆಯನ್ನೂ ಬರೆದಳು. ಇನ್ನು ಅಕ್ಟೋಬರ್ ಒಂದರೊಳಗೆ ಅರ್ಜಿ ಹೋಗಬೇಕಿತ್ತು.

ಬಸ್ಸಿನ ಮಾತು ಬಂದದ್ದು ಯಾಕೆಂದರೆ ಅದೇ ನನ್ನ ಅನ್ನ. ನಾನು ಹೆಲ್ವಿ, ರೈಮೊನ ಅಕ್ಕ. ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ. ಮದುವೆಯಾಗಲಿಲ್ಲ, ಆ ಬಗ್ಗೆ ಬೇಜಾರೂ ಇಲ್ಲ. ತಮ್ಮನ ಮನೆಯ ನೆಲಮಾಳಿಗೆ ನನ್ನದು. ಮೇಲೆ ರೈಮೊ, ಅವನ ಹೆಂಡತಿ ಡೊರೀನ್, ಕೈಸಾ, ಮತ್ತೆ ನಮ್ಮ ಅಮ್ಮ ಲೆಂಪಿ. ಡೊರೀನ್ ಅಂಚೆ ಕಚೇರಿಯ ಕೌಂಟರಿನವಳು; ಅರ್ಜಿ, ಮೊಹರು, ದಿನಾಂಕ ಅಂದರೆ ಅವಳಿಗೆ ಊಟಕ್ಕಿಂತ ಪ್ರೀತಿ. ಅಮ್ಮನಿಗೆ ಎಂಬತ್ತಮೂರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಆ ಚಳಿಗಾಲವೆಲ್ಲ ವ್ಯಾಯಾಮ ಚಿಕಿತ್ಸೆ ಮಾಡಿಸಿದ ಮೇಲೆ ವಾಕರ್ ಹಿಡಿದು ನಡೆಯುವಷ್ಟಾದಳು.

ಮಧ್ಯಾಹ್ನವಾದರೆ ಸರೋವರದಿಂದ ಮಂಜು ಎದ್ದು ಬಂದು ಬೀದಿಯ ಆ ತುದಿಯ ಮನೆಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಕೈಸಾ ವರಾಂಡದಲ್ಲಿ ಎಲುಬುಗಳ ಹೆಸರು ಬರೆದ ಚೀಟಿ ಹಿಡಿದು ಕೂರುವಳು. ಅದನ್ನು ಈಗಲೇ ಯಾರೂ ಕೇಳುವುದಿಲ್ಲ, ಅವಳಿಗೆ ತಡೆಯಲಾಗುತ್ತಿರಲಿಲ್ಲ. ಬಾಯಿಪಾಠ ಮಾಡುತ್ತ ಮಾಡುತ್ತ ತೂಕಡಿಸುವಳು. ಪಕ್ಕದ ಕುರ್ಚಿಯಲ್ಲಿ ಅಮ್ಮನೂ ತೂಕಡಿಸುವಳು. ಒಬ್ಬಳು ನಿದ್ದೆಯಲ್ಲಿ ಮಣಿಕಟ್ಟಿನ ಎಲುಬು ಎಣಿಸಿದರೆ, ಇನ್ನೊಬ್ಬಳು ಅರವತ್ತು ಚಿಲ್ಲರೆ ವರ್ಷದ ಹಿಂದೆ ಫಿನ್ಲೆಂಡಿನಲ್ಲಿ ಬಿಟ್ಟುಬಂದ ತಂಗಿಯನ್ನು ದೋಣಿ ಹತ್ತು ಅಂತ ಕರೆಯುವಳು. ಬಸ್ಸಿಲ್ಲದ ಆ ಬೇಸಿಗೆಯಲ್ಲಿ ನಾನು ಮೆಟ್ಟಿಲ ಮೇಲೆ ಕಾಫಿ ಹಿಡಿದು ಇಬ್ಬರನ್ನೂ ಕೇಳುತ್ತ ಕೂರುತ್ತಿದ್ದೆ. ಏನೂ ಕೆಡುವುದಿಲ್ಲ ಅನ್ನಿಸುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ಶಾಲೆ ಶುರುವಾಯಿತು. ಆ ಗುರುವಾರ ಸಂಜೆ ಐದಕ್ಕೆ ಎಂದಿನಂತೆ ಊಟಕ್ಕೆ ಕೂತೆವು. ಡೊರೀನ್ ಮೊಯಕ್ಕ ಮಾಡಿದ್ದಳು: ಮೀನು, ಆಲೂಗಡ್ಡೆ, ಹಾಲು, ಮೇಲಿಷ್ಟು ಮೆಣಸಿನಕಾಳು. ಕೈಸಾ ತಟ್ಟೆ ಮುಟ್ಟಲಿಲ್ಲ.

"ನಾನು ಅರ್ಜಿ ಹಾಕೋ ಹಾಗಿಲ್ಲ," ಅಂದಳು.

"ಯಾಕೆ, ಇಂಟರ್ನೆಟ್ ಹೋಯ್ತಾ?" ಅಂದ ರೈಮೊ.

"ಪ್ರತಿ ವರ್ಷವೂ ಐದೈದು ವಿಷಯ ತಗೊಂಡಿರಬೇಕಂತೆ. ಒಂದು ವರ್ಷ ನಾಲ್ಕಾದ್ರೂ ಆ ವರ್ಷ ಲೆಕ್ಕಕ್ಕಿಲ್ಲ. ಎರಡನೇ ವರ್ಷ ನಂದು ನಾಲ್ಕೇ."

"ಬಿಟ್ಟಿದ್ದ ರಸಾಯನಶಾಸ್ತ್ರಾನ ಬೇಸಿಗೇಲಿ ಮಾಡಿದ್ಯಲ್ಲ. ಎಂಬತ್ತೆಂಟು ಬಂದಿತ್ತು."

"ಬೇಸಿಗೇದು ಸೇರಲ್ಲ. ಸೇರತ್ತೆ ಅಂದ್ಕೊಂಡಿದ್ದೆ. ಇವತ್ತು ಅರ್ಜಿ ತುಂಬೋವಾಗ ಸರಿಯಾಗಿ ಓದಿದೆ."

ರೈಮೊ ಚಮಚ ಇಟ್ಟ. "ಒಂದು ವಿಷಯಕ್ಕೆ ಇಡೀ ವರ್ಷನೇ ಇಲ್ಲ ಅಂತಾರಾ? ಯಾವ ಕತ್ತೆ ಮಾಡಿದ ಕಾನೂನು ಇದು?"

"ಕಾನೂನಿಗೆ ಬೈದ್ರೆ ಏನ್ ಬಂತು," ಅಂದಳು ಡೊರೀನ್. "ಸುಮ್ನೆ ಬಿಟ್ಟಿದ್ದಲ್ವಲ್ಲ ಅದು. ಅಜ್ಜಿಗೆ ಹುಷಾರಿಲ್ಲ ಅಂತ ಬಿಟ್ಟಿದ್ದು. ಮಂಗಳವಾರ, ಗುರುವಾರ ಒಂದು ಗಂಟೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಳು. ಅದೇ ಹೊತ್ತಿಗೆ ಪಾಠ. ನಾಳೆ ಫೋನ್ ಮಾಡಿ ಹೇಳ್ತೀನಿ."

ಮೇಜಿನ ಆ ತುದಿಯಲ್ಲಿ ಅಮ್ಮ ಬ್ರೆಡ್ಡು ಅದ್ದುತ್ತಿದ್ದವಳು ಕೈ ನಿಲ್ಲಿಸಿದಳು.

"ನಂಗೋಸ್ಕರ ಬಿಟ್ಟಿದ್ದಾ?" ಅಂತ ಕೇಳಿದಳು.

"ಹಳೇ ಮಾತು ಬಿಡಜ್ಜಿ," ಅಂದಳು ಕೈಸಾ, ತಟ್ಟೆ ನೋಡುತ್ತ.

ನಾನು ಎರಡನೆಯ ಸಲ ಬಡಿಸಿಕೊಂಡೆ. ಹಸಿವಿರಲಿಲ್ಲ, ಮುಖ ಬಗ್ಗಿಸುವುದಕ್ಕೆ ಒಂದು ನೆವ ಬೇಕಿತ್ತು.

ಮರುದಿನ ಡೊರೀನ್ ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡಿ ವಿಷಯ ತಿಳಿದುಕೊಂಡು ಬಂದಳು. ಮನೆಯಲ್ಲಿ ಅಂಥ ತುರ್ತು ಇತ್ತೆಂದು ಪತ್ರ ಕೊಟ್ಟರೆ ಕಾಲೇಜಿನವರು ಆ ವರ್ಷವನ್ನು ಪರಿಗಣಿಸುತ್ತಾರಂತೆ. ರೋಗಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಅನ್ನುವುದು ಪತ್ರದಲ್ಲಿ ಸ್ಪಷ್ಟವಾಗಿರಬೇಕು, ಮನೆಯ ದೊಡ್ಡವರೆಲ್ಲ ಸಹಿ ಹಾಕಬೇಕು.

"ಅಷ್ಟೇ ತಾನೇ," ಅಂದ ರೈಮೊ. "ನಾಲ್ಕು ಸಹಿ. ಮುಗೀತು."

ಮುಗಿಯಲಿಲ್ಲ, ಯಾಕೆಂದರೆ ನಾನಿದ್ದೆ.

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಒಂಬತ್ತೂವರೆಯಿಂದ ಎರಡೂವರೆಯವರೆಗೆ ನನಗೆ ಕೆಲಸವಿಲ್ಲ. ಮೂರು ವರ್ಷದ ಹಿಂದೆಯೂ ಇರಲಿಲ್ಲ. ಆದರೆ ಮಂಗಳವಾರ, ಗುರುವಾರ ಮಧ್ಯಾಹ್ನ ನಮ್ಮ ಹೆಂಗಸರ ಕರ್ಲಿಂಗ್ ತಂಡದ ಆಟವಿರುತ್ತಿತ್ತು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತ ಓಡುವ ಆಟ. ಮನೆಯಲ್ಲಿ ಪೊರಕೆ ಮುಟ್ಟದವಳು ಅಲ್ಲಿ ಹೋಗಿ ಗುಡಿಸ್ತಾಳೆ ಅಂತ ಡೊರೀನ್ ಆಡಿಕೊಳ್ಳುತ್ತಾಳೆ; ಆಟ ಯಾವ ಹೊತ್ತಿಗೆ ಅಂತ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಆ ವರ್ಷ ಮೊದಲ ಸಲ ನನ್ನನ್ನು ತಂಡದ ನಾಯಕಿ ಮಾಡಿದ್ದರು. ಐವತ್ತೆರಡು ವರ್ಷಕ್ಕೆ ಯಾರೋ ನನ್ನನ್ನು ಯಾವುದಕ್ಕೋ ನಾಯಕಿ ಮಾಡಿದ್ದು ಅದೇ ಮೊದಲು. ಅಮ್ಮನನ್ನು ಯಾರು ಕರೆದುಕೊಂಡು ಹೋಗುವುದು ಅಂತ ಮಾತು ಬಂದಾಗ "ಡಿಪೋದಲ್ಲಿ ಕೆಲಸ ಇದೆ, ನಂಗಾಗಲ್ಲ" ಅಂದುಬಿಟ್ಟೆ. "ನಾನು ಹೋಗ್ತೀನಿ ಬಿಡು ಅತ್ತೆ, ಒಂದು ವಿಷಯ ಕೈಬಿಟ್ರಾಯ್ತು," ಅಂದಳು ಹತ್ತೊಂಬತ್ತರ ಹುಡುಗಿ. ಒಂದು ಬಿಟ್ಟರೆ ಆಕಾಶವೇನೂ ಕಳಚಿ ಬೀಳಲ್ಲ ಅಂತ ನಾನೇ ಸಮಾಧಾನ ಹೇಳಿದೆ. ಆ ಚಳಿಗಾಲ ನಮ್ಮ ತಂಡ ಗೆದ್ದಿತು. ಬಹುಮಾನದ ಬಟ್ಟಲನ್ನು ಬಟ್ಟೆ ಪೆಟ್ಟಿಗೆಯ ಅಡಿಗೆ ಹಾಕಿದೆ, ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಪತ್ರ ಬರೆಯಲು ಡೊರೀನ್ ವಾರಗಟ್ಟಲೆ ತೆಗೆದುಕೊಂಡಳು. ಆಸ್ಪತ್ರೆಯ ಹಳೆಯ ಚೀಟಿಗಳನ್ನು ಹುಡುಕಿ ತಾರೀಖು ಹೊಂದಿಸಿದಳು. ಕೈಸಾ ಬೆಳಿಗ್ಗೆ ಬೇಕರಿಯ ಕೆಲಸಕ್ಕೆ ಹೋಗಿ ಬಂದು, ಏಲಕ್ಕಿ ಬ್ರೆಡ್ಡಿನ ಪರಿಮಳ ಮೈಗೆ ಅಂಟಿಸಿಕೊಂಡೇ ಮಲಗಿಬಿಡುತ್ತಿದ್ದಳು. ವರಾಂಡದಲ್ಲಿ ಎಲುಬಿನ ಚೀಟಿಗಳು ಕಾಣಲಿಲ್ಲ. ಹೊರಗೆ ಬರ್ಚ್ ಮರಗಳೆಲ್ಲ ಹಳದಿಯಾದವು. ಗಾಳಿಯೇ ಇಲ್ಲದ ದಿನವೂ ಎಲೆಗಳು ತಮ್ಮಷ್ಟಕ್ಕೆ ಇಳಿಯುತ್ತಿದ್ದವು. ಮನೆಯವರೆಲ್ಲ ಅರ್ಧ ನಿದ್ದೆಯಲ್ಲಿ ಓಡಾಡುತ್ತಿರುವ ಹಾಗೆ ಕಾಣುತ್ತಿತ್ತು.

ಅಮ್ಮ ಬದಲಾದದ್ದು ಮೊದಲು ಡೊರೀನಳ ಕಣ್ಣಿಗೆ ಬಿತ್ತು.

"ಹೆಲ್ವಿ, ಅಮ್ಮ ನನ್ನ ಕೈಲಿ ಗುಂಡಿ ಹಾಕಿಸ್ಕೊಳ್ತಿಲ್ಲ," ಅಂದಳು ಒಂದು ಬೆಳಿಗ್ಗೆ. "ನೋಡು, ಎಲ್ಲ ಒಂದೊಂದು ತೂತು ತಪ್ಪಿ ಹಾಕ್ಕೊಂಡಿದಾರೆ."

"ಹಾಕ್ಕೊಳ್ಲಿ ಬಿಡು. ಯಾರ್ ನೋಡ್ಬೇಕು."

"ಊಟನೂ ಸರಿಯಾಗಿ ಮಾಡ್ತಿಲ್ಲ."

ಶನಿವಾರ ಸೌನಾ ಕಾಯಿಸುವ ದಿನ. ಹಿತ್ತಲಿನ ಆ ಹಬೆಸ್ನಾನದ ಗುಡಿಸಲಿಗೆ ಅಮ್ಮನನ್ನು ನಾವಿಬ್ಬರು ಎರಡು ಕಡೆ ಹಿಡಿದು ಕರೆದೊಯ್ಯುವುದು ರೂಢಿ. ಆ ಶನಿವಾರ ಹೋಗಿ ನೋಡಿದರೆ ಕುರ್ಚಿ ಖಾಲಿ. ವಾಕರ್ ಹುಲ್ಲಿನ ಮೇಲೆ ಬಿದ್ದಿತ್ತು. ಅಮ್ಮ ಗುಡಿಸಲಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಮೊಣಕೈ ತರಚಿತ್ತು. ಒಳಗಿನಿಂದ ಬಿಳಿ ಹಬೆ ಬಂದು ಅವಳ ಸುತ್ತ ಸುತ್ತಿ ಹೋಗುತ್ತಿತ್ತು.

"ಕರೀಬಾರ್ದಾಗಿತ್ತಾ?" ಅಂತ ರೇಗಿದೆ.

"ಎಷ್ಟು ಜನರ ಕೆಲಸ ಕೆಡಿಸ್ಲಿ," ಅಂದಳು ಅಮ್ಮ.

ಮುಂದಿನ ಬುಧವಾರ ಬೆಳಗಿನ ಸುತ್ತು ಮುಗಿಸಿ ಬಂದಾಗ ಅವಳು ಕೋಟು ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದಳು. ಕಾರು ತೆಗಿ ಅಂದಳು. ಎಲ್ಲಿಗೆ ಅಂದರೆ ದಾರಿ ಹೇಳ್ತೀನಿ ಅಂದಳು. ಸರೋವರದ ದಂಡೆಗುಂಟ ಹೋದೆವು. ನೀರಿನಾಚೆ, ಮಲಗಿದ ದೈತ್ಯನಂತಿರುವ ಬೆಟ್ಟಕ್ಕೆ ಮಂಜು ಕವಿದಿತ್ತು, ಎದೆ ಮಾತ್ರ ಕಾಣುತ್ತಿತ್ತು.

"ಚಿಕ್ಕವಳಿದ್ದಾಗ ಅವನು ಏಳ್ತಾನೆ ಅಂತ ಅಳ್ತಿದ್ದೆ ನೀನು," ಅಂದಳು ಅಮ್ಮ. "ಇಲ್ಲಿ ತಿರುಗಿಸು."

ತಿರುಗಿಸಿದ್ದು ನಮ್ಮ ಫಿನ್ಲೆಂಡಿನ ಜನ ನಡೆಸುವ ವೃದ್ಧರ ಮನೆಗೆ. ಒಳಗೆ ಹೆಣ್ಣುಮಗಳೊಬ್ಬಳು ಅಮ್ಮನನ್ನು ಹೆಸರು ಹಿಡಿದೇ ಕರೆದಳು. ಫೋನಿನಲ್ಲಿ ಎಲ್ಲ ಮಾತಾಡಿಕೊಂಡಿದ್ದಳು ನನ್ನ ತಾಯಿ. ಅಕ್ಟೋಬರ್ ಒಂದರಿಂದ ಪೂರ್ವದ ಕಿಟಕಿಯ ಕೋಣೆ. ಹಾಸಿಗೆ ಒತ್ತಿ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು.

"ಅಮ್ಮ, ಏನಿದು?"

"ಕೈಸಾ ಇನ್ನು ಎಷ್ಟೋ ವರ್ಷ ಓದ್ಬೇಕು. ಮತ್ತೆ ನಂಗೇನಾದ್ರೂ ಆದ್ರೆ ಮತ್ತೆ ಬಿಡ್ತಾಳೆ. ಅವಳ ಗುಣ ಅದು. ನಾನು ಅಡ್ಡ ಇರಬಾರ್ದು."

"ನೀನು ಅಡ್ಡ ಬಂದಿಲ್ಲ."

"ಬಂದಿದೀನಲ್ಲ. ಪತ್ರದಲ್ಲೇ ಬರ್ದಿದಾಳಂತೆ ಡೊರೀನ್."

ಅಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆ ಹೆಣ್ಣುಮಗಳು ಕಾಫಿ ತಂದಳು, ನಾನು ಕಾಫಿ ಕುಡಿದೆ. ಹೇಡಿ ಅಂದರೆ ಹೇಗಿರುತ್ತಾಳೆ ಅಂತ ಯಾರಾದರೂ ಕೇಳಿದರೆ ಆ ಬುಧವಾರ ನಾನಿದ್ದ ಹಾಗೆ ಇರುತ್ತಾಳೆ.

ಅರ್ಜಿಯ ಗಡುವಿಗೆ ಎರಡು ದಿನ ಮೊದಲು, ಭಾನುವಾರ, ಬೆಳಗಿನ ಕಾಫಿಗೆ ಎಲ್ಲರೂ ಕೂತಿದ್ದೆವು. ಕೈಸಾ ಬೇಕರಿಯಿಂದ ತಂದ ಬ್ರೆಡ್ಡು ಹೆಚ್ಚಿ ಇಟ್ಟಿದ್ದರು. ಬಾಗಿಲ ಬಳಿ ಅಮ್ಮನ ಕಂದು ಚೀಲ ತುಂಬಿ ನಿಂತಿತ್ತು. ಹಿಂದಿನ ಸಂಜೆ ಅದರ ಬಗ್ಗೆ ರೈಮೊ ಕೂಗಾಡಿ, ಡೊರೀನ್ ಅತ್ತು, ಏನೂ ಪ್ರಯೋಜನವಾಗಿರಲಿಲ್ಲ. ಡೊರೀನ್ ಪತ್ರವನ್ನು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು ಹೀಗಿತ್ತು: "ಆ ಅವಧಿಯಲ್ಲಿ ಶ್ರೀಮತಿ ಲೆಂಪಿಯವರನ್ನು ಚಿಕಿತ್ಸೆಗೆ ಕರೆದೊಯ್ಯಲು ಕೈಸಾಳ ಹೊರತು ಮನೆಯಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲ."

ರೈಮೊ ಸಹಿ ಹಾಕಿದ. ಡೊರೀನ್ ಹಾಕಿದಳು. ಅಮ್ಮ ಬಲಗೈಯಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ ಹಾಕಿದಳು.

"ಅಕ್ಕ, ನಿಂದು," ಅಂದ ರೈಮೊ.

"ಅದು ಸುಳ್ಳು," ಅಂದೆ. "ನಂಗೆ ಬಿಡುವಿತ್ತು. ಡಿಪೋದಲ್ಲಿ ಏನೂ ಕೆಲಸ ಇರ್ಲಿಲ್ಲ. ಕರ್ಲಿಂಗ್ ಆಡೋಕೆ ಹೋಗ್ತಿದ್ದೆ."

ಡೊರೀನ್ ನನ್ನನ್ನೇ ನೋಡಿದಳು. "ಆ ವರ್ಷ ನಾನು ಬೆಳಿಗ್ಗೆ ಐದಕ್ಕೆ ಎದ್ದು, ಅಮ್ಮಂಗೆ ಸ್ನಾನ ಮಾಡಿಸಿ, ಆಮೇಲೆ ಕೆಲಸಕ್ಕೆ ಓಡ್ತಿದ್ದೆ. ನೀನು ಪೊರಕೆ ಆಡ್ತಿದ್ಯಾ?"

"ಆಡ್ತಿದ್ದೆ."

"ಮೂರು ವರ್ಷ ನುಂಗ್ಕೊಂಡಿದ್ದವಳಿಗೆ ಇನ್ನೆರಡು ದಿನ ತಡ್ಕೊಳ್ಳೋಕಾಗ್ಲಿಲ್ವಾ?" ಅಂದ ರೈಮೊ.

"ಅಮ್ಮ ಚೀಲ ಕಟ್ಟಿದಾಳೆ, ಕಾಣಲ್ವಾ ನಿಂಗೆ? ತನ್ನಿಂದ ಮಗು ಹಾಳಾಯ್ತು ಅಂತ ಹೊರಟಿದಾಳೆ. ಹಾಳು ಮಾಡಿದ್ದು ನಾನು."

ಅವನು ಪತ್ರವನ್ನು ನನ್ನ ಕಡೆ ನೂಕಿದ. "ಆಯ್ತು. ಹೇಳಿದ್ದಾಯ್ತು, ಕೇಳಿದ್ದಾಯ್ತು. ಈಗ ಸಹಿ ಹಾಕು. ಅಲ್ಲಿ ಕೂತೋರಿಗೇನು ಗೊತ್ತಾಗತ್ತೆ? ನೀನು ಮಾಡಿದ್ದಕ್ಕೆ ಮಗು ಯಾಕೆ ದಂಡ ತೆರಬೇಕು?"

ಅವನ ಮಾತಿನಲ್ಲೂ ನ್ಯಾಯವಿತ್ತು. ಇಷ್ಟು ಮಾಡಿದವಳಿಗೆ ಒಂದು ಸುಳ್ಳು ಸಹಿ ಭಾರವೇ? ಪೆನ್ನು ತೆಗೆದುಕೊಂಡೆ.

"ಬೇಡ ಅತ್ತೆ," ಅಂದಳು ಕೈಸಾ.

ಅವಳು ಬೆಳಗಿನಿಂದ ಮಾತಾಡಿದ್ದೇ ಅಷ್ಟು. ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಒಂದು ಕಡೆ ಸೇರಿಸುತ್ತಿದ್ದಳು.

"ನೀನು ಖಾಲಿ ಇದ್ದಿದ್ರೂ ನಾನು ಬಿಡ್ತಿದ್ದೆ. ಆ ರಸಾಯನಶಾಸ್ತ್ರದ ಮೊದಲ ಪರೀಕ್ಷೇಲಿ ನಂಗೆ ನಲವತ್ತೊಂದು ಬಂದಿತ್ತು. ಫೇಲಾಗೋದು ಗ್ಯಾರಂಟಿ ಅನ್ನಿಸ್ತು. ಆಮೇಲೆ ಅಜ್ಜಿಗೆ ಹೀಗಾಯ್ತು. ನೀನು ನಂಗಾಗಲ್ಲ ಅಂದಾಗ ನಂಗೆ... ನಂಗೆ ಖುಷಿಯಾಗಿತ್ತು."

ಹೊರಗೆ ಸರೋವರದ ಕಡೆಯಿಂದ ಧಾನ್ಯದ ಹಡಗೊಂದು ಉದ್ದಕ್ಕೆ ಕೂಗಿತು.

"ಆಗ್ಲೇ ಹೇಳೋದಲ್ವೇನೆ," ಅಂದ ರೈಮೊ, ಸಿಟ್ಟಿಲ್ಲದೆ.

"ಹೇಗೆ ಹೇಳ್ಲಿ? ನನ್ನ ಮಗಳು ಅಜ್ಜಿಗೋಸ್ಕರ ಪಾಠ ಬಿಟ್ಟಳು ಅಂತ ನೀನು ಇಡೀ ಗಿರಣಿಗೆ ಹೇಳ್ಕೊಂಡು ಬಂದಿದ್ದೆ. ಕೇಳ್ತಾ ಕೇಳ್ತಾ ನಂಗೂ ಅದೇ ನಿಜ ಅನ್ನಿಸೋಕೆ ಶುರುವಾಯ್ತು. ಈಗ ಈ ಪತ್ರ ಕಳ್ಸಿದ್ರೆ ಅದೇ ನಿಜ ಆಗ್ಬಿಡತ್ತೆ."

ಅಮ್ಮ ಕಪ್ಪು ಕೆಳಗಿಟ್ಟಳು. "ಎಷ್ಟು ಬಂತು ಅಂದೆ?"

"ನಲವತ್ತೊಂದು."

"ನೂರಕ್ಕಾ?"

"ಹ್ಞೂಂ."

"ಹಾಗಾದ್ರೆ ನಾನಲ್ಲ."

"ನೀನಲ್ಲ ಅಜ್ಜಿ."

"ಮೂರು ವಾರದಿಂದ ದೇವರಿಗೆ ಒಂದೇ ಮಾತು ಕೇಳ್ತಿದೀನಿ ಕಣೆ," ಅಂದಳು ಅಮ್ಮ. "ಲಕ್ವ ಹೊಡೆದಾಗ್ಲೇ ನನ್ನ ಯಾಕೆ ಕರ್ಕೊಳ್ಳಲಿಲ್ಲ ಅಂತ."

ಕೈಸಾ ಕುರ್ಚಿಯಿಂದ ಜಾರಿ ಅಜ್ಜಿಯ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಇಪ್ಪತ್ತೆರಡು ವರ್ಷದ ಹುಡುಗಿ ಏಳು ವರ್ಷದವಳ ಹಾಗೆ ಅತ್ತಳು. ಡೊರೀನ್ ಎದ್ದು ಎಲ್ಲರ ಕಪ್ಪಿಗೂ ಕಾಫಿ ಬಗ್ಗಿಸಿದಳು, ನನ್ನ ಕಪ್ಪು ಬಿಟ್ಟು. ಅದು ನನಗೆ ಸಲ್ಲತಕ್ಕದ್ದೇ.

ಸ್ವಲ್ಪ ಹೊತ್ತಿಗೆ ಕೈಸಾ ಎದ್ದು ಮುಖ ಒರೆಸಿಕೊಂಡು ಪತ್ರವನ್ನು ಎರಡಾಗಿ ಹರಿದಳು. ಈ ವರ್ಷ ಅರ್ಜಿ ಹಾಕಲ್ಲ ಅಂದಳು. ಲೆಕ್ಕಕ್ಕೆ ಬಾರದ ಆ ವರ್ಷದ ಬದಲಿಗೆ ಬರುವ ವರ್ಷ ಮತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ, ಐದು ವಿಷಯ ತೆಗೆದುಕೊಂಡು, ಒಂದೂ ಬಿಡದೆ ಮುಗಿಸಿ ಆಮೇಲೆ ಹಾಕ್ತೀನಿ ಅಂದಳು.

"ಇಷ್ಟು ಓದಿದ್ಮೇಲೆ ಮತ್ತೆ ಒಂದು ವರ್ಷ?" ಅಂದ ರೈಮೊ. ಅವನ ಮುಖ ಇಷ್ಟೇ ಇಷ್ಟಾಗಿತ್ತು. "ಗಿರಣೀಲಿ ಕೇಳ್ತಾರೆ. ಏನ್ ಹೇಳ್ಲಿ?"

"ನಲವತ್ತೊಂದು ಬಂತು ಅಂತ ಹೇಳು," ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಹೆಲ್ವಿ, ಹೋಗಿ ಆ ಚೀಲ ಬಿಚ್ಚಿಡು. ವೃದ್ಧರ ಮನೆಗೂ ನೀನೇ ಫೋನ್ ಮಾಡಿ ಹೇಳು. ಇನ್ಮೇಲೆ ನನ್ನ ಸ್ನಾನ, ಗುಂಡಿ, ಆಸ್ಪತ್ರೆ ಎಲ್ಲ ನಿಂದು. ಡೊರೀನ್ ಏಳು ಗಂಟೇವರೆಗೂ ಮಲಗ್ಲಿ."

"ಆಯ್ತಮ್ಮ."

ಚೀಲ ಎತ್ತಿಕೊಂಡು ಅವಳ ಕೋಣೆಗೆ ಹೋದೆ. ಲಂಗ, ಸ್ವೆಟರ್, ಉಣ್ಣೆಯ ಕಾಲುಚೀಲ ಒಂದೊಂದಾಗಿ ಕಪಾಟಿನಲ್ಲಿ ಇಡುತ್ತಿದ್ದೆ. ಬಾಗಿಲು ತೆರೆದೇ ಇದ್ದುದರಿಂದ ಅಡುಗೆಮನೆಯ ಮಾತು ಕೇಳುತ್ತಿತ್ತು. ಅಮ್ಮ ಮೊಮ್ಮಗಳಿಗೆ ಏನೋ ಹೇಳುತ್ತಿದ್ದಳು, ಬಾಯಲ್ಲಿ ಬ್ರೆಡ್ಡಿತ್ತು.

"ಇನ್ನೊಂದ್ಸಲ ಫೇಲಾಗೋ ಹಾಗಿದ್ರೆ ನಿನ್ನ ಹೆಸರಲ್ಲೇ ಫೇಲಾಗು ಮಗು. ನನ್ನ ಹೆಸರಲ್ಲಿ ಬೇಡ."

"ಆಯ್ತಜ್ಜಿ," ಅಂದಳು ಕೈಸಾ.